ಬ್ರಾಡ್‌ಬ್ಯಾಂಡ್ ಲಿಂಕ್‌ನ ಸಾಮರ್ಥ್ಯ ನಿರ್ಧರಿಸಲು ಪಾಯ್ಸಾನ್ ಮಾದರಿ ಸಾಕೇ?

ಲಿಂಕ್_ಲೆಕ್ಕಿಗ:
ಎಲ್ಲರಿಗೂ ನಮಸ್ಕಾರ. ಸುಮಾರು 400 ಚಂದಾದಾರರಿರುವ ಒಂದು ಬ್ರಾಡ್‌ಬ್ಯಾಂಡ್ ಜಾಲದ ಲೆಕ್ಕಾಚಾರ ನನ್ನ ಮುಂದಿದೆ. ಮೇಲಿನ ರೌಟರ್‌ಗೆ 10 ಗಿಗಾಬಿಟ್ ವೇಗದ ಪೋರ್ಟ್‌ನಲ್ಲಿ ಬಂದ ಟ್ರಾಫಿಕ್, ಅಲ್ಲಿಂದ 1 ಗಿಗಾಬಿಟ್ ಲಿಂಕ್ ಮೂಲಕ ಚಂದಾದಾರರ ಕಡೆಗೆ ಇಳಿಯುತ್ತದೆ. ಐದು ನಿಮಿಷದ ಸರಾಸರಿಯನ್ನು ತೋರಿಸುವ ನಕ್ಷೆಯಲ್ಲಿ ಅತಿ ಹೆಚ್ಚು ಬಳಕೆಯ ಹೊತ್ತಿನಲ್ಲೂ ಈ ಲಿಂಕ್ 60% ದಾಟುವುದಿಲ್ಲ. ಹಾಗಿದ್ದರೂ ಅದೇ ಹೊತ್ತಿನಲ್ಲಿ ಪ್ಯಾಕೆಟ್‌ಗಳು (ದತ್ತಾಂಶದ ಸಣ್ಣ ತುಣುಕುಗಳು) ಬಿದ್ದುಹೋಗುತ್ತಿರುವುದನ್ನು ರೌಟರ್‌ನ ಎಣಿಕೆಗಳು ತೋರಿಸುತ್ತಿವೆ.

ನಾನು ಕಲಿತ ಸರದಿ ಸಿದ್ಧಾಂತದ ಪ್ರಕಾರ, ಪ್ಯಾಕೆಟ್‌ಗಳು ಪಾಯ್ಸಾನ್ ಕ್ರಮದಲ್ಲಿ (ಒಂದಕ್ಕೊಂದು ಸಂಬಂಧವಿಲ್ಲದೆ, ಸ್ಥಿರ ಸರಾಸರಿ ದರದಲ್ಲಿ) ಬಂದು ಸೇವೆಯ ಅವಧಿ ಘಾತೀಯ ಹಂಚಿಕೆಯಲ್ಲಿದ್ದರೆ, ಒಳಗಿರುವ ಪ್ಯಾಕೆಟ್‌ಗಳ ಸರಾಸರಿ ಸಂಖ್ಯೆ ಹೊರೆಯನ್ನು (ಲಿಂಕ್‌ನ ಸಾಮರ್ಥ್ಯದಲ್ಲಿ ಬಳಕೆಯಾಗುವ ಪಾಲನ್ನು) 'ಒಂದರಿಂದ ಹೊರೆಯನ್ನು ಕಳೆದುದರಿಂದ' ಭಾಗಿಸಿದಷ್ಟು. ಹೊರೆ 0.6 ಆದಾಗ ಅದು 1.5 ಮಾತ್ರ. ನಮ್ಮ ಪೋರ್ಟ್‌ನ ಬಫರ್ (ಪ್ಯಾಕೆಟ್‌ಗಳು ಸರದಿಯಲ್ಲಿ ಕಾಯುವ ಜಾಗ) 200 ಪ್ಯಾಕೆಟ್‌ಗಳನ್ನು ಹಿಡಿಯುತ್ತದೆ. ಸರದಿ ಅಷ್ಟುದ್ದ ಬೆಳೆಯುವ ಸಂಭವನೀಯತೆ 0.6ರ 200ನೇ ಘಾತ, ಅಂದರೆ ದಶಮಾಂಶ ಬಿಂದುವಿನ ಮುಂದೆ 44 ಸೊನ್ನೆಗಳಾದ ಮೇಲೆ ಬರುವ ಸಂಖ್ಯೆ. ಈ ಲೆಕ್ಕದಂತೆ ವಿಶ್ವದ ಆಯಸ್ಸಿನಲ್ಲಿ ಒಮ್ಮೆಯೂ ಆಗಬಾರದ ನಷ್ಟ ದಿನವೂ ಆಗುತ್ತಿದೆ. ಇಲ್ಲಿ ಕೆಟ್ಟಿರುವುದು ಯಾವ ಊಹೆ?

ಸರದಿ_ಸಂಗಾತಿ:
ಪಾಯ್ಸಾನ್ ಊಹೆ ಎಲ್ಲಿಂದ ಬಂದಿತು ಎಂಬುದನ್ನು ನೋಡಿದರೆ ಅದು ಎಲ್ಲಿ ಮುರಿಯುತ್ತದೆ ಎಂಬುದೂ ತಿಳಿಯುತ್ತದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ 1909ರಲ್ಲಿ ಕರೆಗಳ ಆಗಮನ ಪಾಯ್ಸಾನ್ ನಿಯಮವನ್ನು ಅನುಸರಿಸುತ್ತದೆಂದು ತೋರಿಸಿದರು. 1917ರಲ್ಲಿ ಅವರು ಪ್ರಕಟಿಸಿದ ನಷ್ಟಸೂತ್ರವನ್ನು ದೂರವಾಣಿ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಸರಾಸರಿ 10 ಕರೆಗಳಷ್ಟು ಹೊರೆಗೆ ಹತ್ತೇ ಮಾರ್ಗಗಳನ್ನು ಕೊಟ್ಟರೆ ಸುಮಾರು 21% ಕರೆಗಳು ತಿರಸ್ಕೃತವಾಗುತ್ತವೆ. 15 ಕೊಟ್ಟರೆ 3.7%; ನಷ್ಟ 1%ಗಿಂತ ಕೆಳಗಿಳಿಯಬೇಕಾದರೆ 18 ಬೇಕು. ಹೊರೆ 100ಕ್ಕೆ ಏರಿದಾಗ ಅದೇ ಗುಣಮಟ್ಟಕ್ಕೆ ಸುಮಾರು 117 ಮಾರ್ಗಗಳು ಸಾಕಾಗುತ್ತವೆ. ಗುಂಪು ದೊಡ್ಡದಾದಂತೆ ಹೆಚ್ಚುವರಿ ಸಾಮರ್ಥ್ಯದ ಪ್ರಮಾಣ ಕುಗ್ಗುತ್ತದೆ ಎಂಬ ಈ ಫಲಿತಾಂಶ ನಿಮ್ಮ 400 ಚಂದಾದಾರರ ವಿಷಯದಲ್ಲಿಯೂ ಮುಖ್ಯವಾಗಲಿದೆ.

ಈ ಸೂತ್ರ ಇಷ್ಟು ಕಾಲ ಬಾಳಿದ್ದಕ್ಕೆ ಎರಡು ಕಾರಣಗಳಿವೆ. ಒಂದನೆಯದು, ಪರಸ್ಪರ ಸಂಬಂಧವಿಲ್ಲದ ಅನೇಕ ಮೂಲಗಳು, ಒಂದೊಂದೂ ಅಪರೂಪಕ್ಕೊಮ್ಮೆ ಮಾತ್ರ ಕರೆ ಹುಟ್ಟಿಸುವಂತಿದ್ದರೆ, ಒಟ್ಟು ಮೊತ್ತ ಪಾಯ್ಸಾನ್ ಆಗುತ್ತದೆಂಬುದು ಪಾಮ್ ಮತ್ತು ಖಿಂಚಿನ್ ಅವರ ಹೆಸರಿನಲ್ಲಿರುವ ಪ್ರಮೇಯ. ಎರಡನೆಯದು, ನಷ್ಟಸೂತ್ರಕ್ಕೆ ಕರೆಯ ಸರಾಸರಿ ಅವಧಿಯಷ್ಟೇ ಬೇಕು. ಆ ಅವಧಿಯ ಹಂಚಿಕೆ ಯಾವ ಆಕಾರದ್ದಾದರೂ ಉತ್ತರ ಬದಲಾಗುವುದಿಲ್ಲ. ಕರೆಯನ್ನು ಮನುಷ್ಯ ಆರಂಭಿಸುತ್ತಾನೆ, ಆದ್ದರಿಂದ ಒಂದು ಕರೆಗೂ ಇನ್ನೊಂದಕ್ಕೂ ನಂಟಿಲ್ಲ. ಪ್ಯಾಕೆಟ್‌ನ ಸ್ಥಿತಿ ಹಾಗಲ್ಲ. ಮನುಷ್ಯ ಒಂದು ಬಾರಿ ಗುಂಡಿ ಒತ್ತಿದರೆ ಸಾವಿರಾರು ಪ್ಯಾಕೆಟ್‌ಗಳು ಒಂದರ ಬೆನ್ನಿಗೆ ಒಂದು ಹೊರಡುತ್ತವೆ, ಮತ್ತು ಅವುಗಳ ನಡುವಿನ ಅಂತರವನ್ನು ನಿರ್ಧರಿಸುವುದು ಪ್ರೋಟೋಕಾಲ್. ಸ್ವಾತಂತ್ರ್ಯದ ಊಹೆ ಮುರಿಯುವುದು ಅಲ್ಲಿಯೇ.

ಅಳತೆಗಾರ:
ಇದಕ್ಕೆ ಅಳತೆಯ ಕಡೆಯಿಂದ ಸೇರಿಸಬೇಕಾದದ್ದು ಬಹಳವಿದೆ. 1989ರಿಂದ 1992ರವರೆಗೆ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಪ್ರಯೋಗಾಲಯದ ಈಥರ್ನೆಟ್ ಜಾಲಗಳಲ್ಲಿ ಅತ್ಯಂತ ನಿಖರವಾದ ಕಾಲಮುದ್ರೆಯೊಡನೆ ಕೋಟ್ಯಂತರ ಪ್ಯಾಕೆಟ್‌ಗಳನ್ನು ದಾಖಲಿಸಲಾಯಿತು. ಲೆಲ್ಯಾಂಡ್, ಟಕ್ಕು, ವಿಲಿಂಜರ್ ಮತ್ತು ವಿಲ್ಸನ್ ಆ ದಾಖಲೆಗಳನ್ನು ವಿಶ್ಲೇಷಿಸಿ 1993ರಲ್ಲಿ ಮಂಡಿಸಿದ ಫಲಿತಾಂಶ ಈ ಕ್ಷೇತ್ರವನ್ನೇ ಅಲುಗಾಡಿಸಿತು. ಮಿಲಿಸೆಕೆಂಡುಗಳ ಅಳತೆಯಲ್ಲಿ ನೋಡಿದರೂ, ಸೆಕೆಂಡುಗಳಲ್ಲಿ ನೋಡಿದರೂ, ನಿಮಿಷಗಳಲ್ಲಿ ನೋಡಿದರೂ ಏರಿಳಿತದ ಸ್ವರೂಪ ಒಂದೇ ಬಗೆಯದಾಗಿತ್ತು. ಇದನ್ನೇ ಸ್ವಸಾದೃಶ್ಯ ಎನ್ನುತ್ತಾರೆ. ಅದರ ತೀವ್ರತೆಯನ್ನು ಹೇಳುವ ಹರ್ಸ್ಟ್ ಸಂಖ್ಯೆ, ನೈಲ್ ನದಿಯ ವಾರ್ಷಿಕ ಹರಿವನ್ನು ಅಧ್ಯಯನ ಮಾಡಿ 1951ರಲ್ಲಿ ವರದಿ ಪ್ರಕಟಿಸಿದ ಜಲತಜ್ಞ ಎಚ್. ಇ. ಹರ್ಸ್ಟ್ ಅವರಿಂದ ಹೆಸರು ಪಡೆದಿದೆ. ಪಾಯ್ಸಾನ್‌ಗೆ ಆ ಸಂಖ್ಯೆ 0.5, ಈಥರ್ನೆಟ್ ದಾಖಲೆಗಳಲ್ಲಿ ಅದು 0.8ರಿಂದ 0.9ರ ಆಸುಪಾಸಿನಲ್ಲಿತ್ತು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಿ. ಸರಾಸರಿ ತೆಗೆಯುವ ಅವಧಿಯನ್ನು 100 ಪಟ್ಟು ಹಿಗ್ಗಿಸಿದರೆ ಪಾಯ್ಸಾನ್ ಟ್ರಾಫಿಕ್‌ನ ವೇಗದ ಮಾನಕ ವಿಚಲನೆ (ಸರಾಸರಿಯ ಸುತ್ತಲಿನ ಏರಿಳಿತದ ಅಳತೆ) ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ. ಹರ್ಸ್ಟ್ ಸಂಖ್ಯೆ 0.8 ಇದ್ದರೆ ಅದು ಮೊದಲಿನ 40% ಆಗಿ ಉಳಿಯುತ್ತದೆ, 0.9 ಇದ್ದರೆ 63%. ಏರಿಳಿತಗಳು ಸರಾಸರಿಯಲ್ಲಿ ಕರಗಿಹೋಗುತ್ತವೆ ಎಂಬ ಎಂಜಿನಿಯರಿನ ಧೈರ್ಯಕ್ಕೆ ಬಿದ್ದ ಪೆಟ್ಟು ಇದು.

ಕಾರಣವೂ ಸಿಕ್ಕಿದೆ. ವೆಬ್‌ನಲ್ಲಿ ಸಾಗುವ ಕಡತಗಳ ಗಾತ್ರದ ಹಂಚಿಕೆಗೆ ಬಹಳ ಉದ್ದವಾದ ಬಾಲವಿದೆ: ಬಹುಪಾಲು ಕಡತಗಳು ಚಿಕ್ಕವು, ಆದರೆ ಬಹುಪಾಲು ಬೈಟ್‌ಗಳು ಕೆಲವೇ ದೈತ್ಯ ಕಡತಗಳಲ್ಲಿರುತ್ತವೆ. ಕಳುಹಿಸುವ ಮತ್ತು ಸುಮ್ಮನಿರುವ ಅವಧಿಗಳು ಇಂಥ ಹಂಚಿಕೆಯಲ್ಲಿರುವ ಅನೇಕ ಮೂಲಗಳನ್ನು ಕೂಡಿಸಿದರೆ ಒಟ್ಟು ಟ್ರಾಫಿಕ್ ಸ್ವಸಾದೃಶ್ಯವಾಗುತ್ತದೆಂದು 1997ರಲ್ಲಿ ಗಣಿತದ ಮೂಲಕ ತೋರಿಸಲಾಯಿತು. ಬಾಲದ ಘಾತವನ್ನು (ಬಾಲ ಎಷ್ಟು ಬೇಗ ತೆಳುವಾಗುತ್ತದೆಂಬ ಅಳತೆಯನ್ನು) ಮೂರರಿಂದ ಕಳೆದು ಎರಡರಿಂದ ಭಾಗಿಸಿದರೆ ಹರ್ಸ್ಟ್ ಸಂಖ್ಯೆ ಬರುತ್ತದೆ, ಘಾತ 1.4 ಆದರೆ 0.8, 1.2 ಆದರೆ 0.9.

ಸರದಿಯ ಮೇಲಿನ ಪರಿಣಾಮವನ್ನು 1994ರಲ್ಲಿ ನೊರೋಸ್ ಲೆಕ್ಕ ಹಾಕಿದರು. ಅವರ ಮಾದರಿಯಲ್ಲಿ ಸರದಿ ತುಂಬಿ ಹರಿಯುವ ಸಂಭವನೀಯತೆಯ ಲಾಗರಿದಮ್ ಬಫರ್‌ನ ಗಾತ್ರಕ್ಕೆ ಅನುಪಾತದಲ್ಲಿ ಇಳಿಯುವುದಿಲ್ಲ; ಹರ್ಸ್ಟ್ 0.8 ಆದಾಗ ಗಾತ್ರದ 0.4ನೇ ಘಾತಕ್ಕೆ ಅನುಪಾತದಲ್ಲಿ ಇಳಿಯುತ್ತದೆ. ಸಾವಿರದಲ್ಲಿ ಒಂದರಷ್ಟಿದ್ದ ನಷ್ಟವನ್ನು ಹತ್ತು ಲಕ್ಷದಲ್ಲಿ ಒಂದಕ್ಕೆ ತರಲು ಹಳೆಯ ಮಾದರಿಯಲ್ಲಿ ಬಫರ್ ದುಪ್ಪಟ್ಟಾದರೆ ಸಾಕು, ಇಲ್ಲಿ ಸುಮಾರು 5.7 ಪಟ್ಟು ಬೇಕು. ನಿಮ್ಮ 44 ಸೊನ್ನೆಗಳು ಮಾಯವಾದದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಸಂಶಯವಾದಿ:
ಅಳತೆಗಾರ ಅವರು ಹೇಳಿದ ಗಣಿತದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಈ ಪ್ರಶ್ನೆಗೆ ಅನ್ವಯಿಸಿದ ರೀತಿಯನ್ನು ನಾನು ಒಪ್ಪುವುದಿಲ್ಲ.

ಮೊದಲಿಗೆ, ಹರ್ಸ್ಟ್ ಸಂಖ್ಯೆಯನ್ನು ಅಂದಾಜು ಮಾಡುವುದು ಜಾರುಬಂಡೆಯ ಮೇಲಿನ ಕೆಲಸ. ಸಂಜೆಯ ಹೊತ್ತಿಗೆ ಬಳಕೆ ನಿಧಾನವಾಗಿ ಏರುವುದು, ಒಂದು ದೊಡ್ಡ ಡೌನ್‌ಲೋಡ್ ಶುರುವಾಗಿ ಸರಾಸರಿಯೇ ಮೇಲಕ್ಕೆ ಸರಿಯುವುದು, ಇಂಥ ಸಾಮಾನ್ಯ ಬದಲಾವಣೆಗಳೂ ಅಂದಾಜಿನಲ್ಲಿ ದೀರ್ಘಾವಧಿ ಅವಲಂಬನೆಯ (ಹಿಂದಿನ ಏರಿಳಿತದ ಪ್ರಭಾವ ಬಹುಕಾಲ ಉಳಿಯುವುದರ) ವೇಷ ತೊಟ್ಟು ಬರುತ್ತವೆ. ಸರಾಸರಿ ಸ್ಥಿರವಾಗಿರುವ ಭಾಗವನ್ನು ಆಯ್ದುಕೊಳ್ಳದೆ ತೆಗೆದ 0.85ಕ್ಕೆ ನಾನು ಬೆಲೆ ಕೊಡುವುದಿಲ್ಲ. ಬೆನ್ನೆಲುಬಿನ ಲಿಂಕ್‌ಗಳ (ಜಾಲಗಳನ್ನು ಬೆಸೆಯುವ ಮುಖ್ಯ ಲಿಂಕ್‌ಗಳ) ಕುರಿತು 2001ರಲ್ಲಿ ಕಾವ್, ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು, 2004ರಲ್ಲಿ ಕರಾಜಿಯಾನಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನಗಳು, ಒಟ್ಟುಗೂಡಿದ ಹರಿವುಗಳ (ಒಂದೊಂದು ಸಂಪರ್ಕದ ಪ್ಯಾಕೆಟ್ ಸಾಲುಗಳ) ಸಂಖ್ಯೆ ಬಹಳ ಹೆಚ್ಚಾದಾಗ ಚಿಕ್ಕ ಕಾಲಾವಧಿಗಳಲ್ಲಿ ಪ್ಯಾಕೆಟ್ ಆಗಮನ ಮತ್ತೆ ಪಾಯ್ಸಾನ್‌ನತ್ತ ವಾಲುತ್ತದೆಂದು ತೋರಿಸಿವೆ. 'ಪಾಯ್ಸಾನ್ ಸತ್ತಿದೆ' ಎಂಬ ಘೋಷಣೆ 1990ರ ದಶಕದ ಉತ್ಸಾಹದ ಮಾತು.

ಎರಡನೆಯದು ಇನ್ನೂ ಮುಖ್ಯ. ಬಫರ್ ಒಮ್ಮೆ ಖಾಲಿಯಾದರೆ ಹಿಂದಿನದೆಲ್ಲವನ್ನೂ ಮರೆತುಬಿಡುತ್ತದೆ. ಆದ್ದರಿಂದ ಬಫರ್ ತುಂಬಿ ಖಾಲಿಯಾಗುವ ಅವಧಿಗಿಂತ ಬಹಳ ದೀರ್ಘವಾದ ಪರಸ್ಪರ ಸಂಬಂಧಗಳು ನಷ್ಟದ ಮೇಲೆ ಹೆಚ್ಚಿನ ಪ್ರಭಾವ ಬೀರುವುದಿಲ್ಲ ಎಂಬುದನ್ನು 1996ರಲ್ಲಿ ಗ್ರಾಸ್‌ಗ್ಲೌಸರ್ ಮತ್ತು ಬೊಲೊ ವಿವರಿಸಿದರು. ಹಾಗಾದರೆ ನಿಮ್ಮ ಬಫರ್ ಎಷ್ಟು ಹೊತ್ತಿನದು?

ಲಿಂಕ್_ಲೆಕ್ಕಿಗ:
200 ಪ್ಯಾಕೆಟ್‌ಗಳು, ಒಂದೊಂದು 1,500 ಬೈಟ್ ಎಂದರೆ 3 ಲಕ್ಷ ಬೈಟ್, ಅಂದರೆ 24 ಲಕ್ಷ ಬಿಟ್. 1 ಗಿಗಾಬಿಟ್ ವೇಗದಲ್ಲಿ ಅದು 2.4 ಮಿಲಿಸೆಕೆಂಡು.

ಸಂಶಯವಾದಿ:
ಅಲ್ಲಿಗೆ ಉತ್ತರದ ಅರ್ಧ ಸಿಕ್ಕಿತು. ನಿಮ್ಮ ಸರದಿಯ ನೆನಪು ಕೆಲವು ಮಿಲಿಸೆಕೆಂಡುಗಳದ್ದು; ನಿಮಿಷಗಳ ಅವಲಂಬನೆಯನ್ನು ವಿವರಿಸುವ ಮಾದರಿ ಇಲ್ಲಿ ಎರಡನೇ ಸಾಲಿನಲ್ಲಿ ನಿಲ್ಲಬೇಕು. ಒಳಬರುವ ಪೋರ್ಟ್ 10 ಗಿಗಾಬಿಟ್, ಹೊರಹೋಗುವುದು 1 ಗಿಗಾಬಿಟ್. ಪೂರ್ಣ ವೇಗದ ಒಂದು ಉಕ್ಕು ಬಂದಾಗ ಬಫರ್ ಸೆಕೆಂಡಿಗೆ 9 ಗಿಗಾಬಿಟ್ ದರದಲ್ಲಿ ತುಂಬುತ್ತದೆ. ಖಾಲಿ ಇದ್ದ ಬಫರ್ ತುಂಬಲು 0.27 ಮಿಲಿಸೆಕೆಂಡು ಸಾಕು, ಅಷ್ಟರಲ್ಲಿ ಬಂದಿರುವುದು ಸುಮಾರು 333 ಕಿಲೋಬೈಟ್ ಮಾತ್ರ. ಇಂದಿನ ಸರ್ವರ್‌ಗಳಲ್ಲಿ ಒಂದೇ ಟಿಸಿಪಿ (ದತ್ತಾಂಶ ಸಾಗಿಸುವ ಪ್ರೋಟೋಕಾಲ್) ಸಂಪರ್ಕದ ವಿಂಡೋ (ಉತ್ತರಕ್ಕೆ ಕಾಯದೆ ಕಳುಹಿಸಬಹುದಾದ ಪ್ರಮಾಣ) ಇದಕ್ಕಿಂತ ದೊಡ್ಡದಿರುವುದು ಸಾಮಾನ್ಯ. ಐದು ನಿಮಿಷದ ಸರಾಸರಿಯಲ್ಲಿ ಈ ಘಟನೆಯ ಸುಳಿವು ಸಿಗುವುದೂ ಇಲ್ಲ.

ಕೊಂಡಿ_ಕಾವಲು:
ಜಾಲವನ್ನು ನಡೆಸುವವನಾಗಿ ನಾನು ಹೇಳಬಹುದಾದದ್ದು ಇಷ್ಟು: ಮಾದರಿಯ ಆಯ್ಕೆಗೆ ಮೊದಲು ಅಳತೆಯ ಕಾಲಮಾನವನ್ನು ಆರಿಸಿಕೊಳ್ಳಿ. ಒಳಬರುವ ಬದಿಯಲ್ಲಿ, ಅಂದರೆ 10 ಗಿಗಾಬಿಟ್ ಪೋರ್ಟ್‌ನಲ್ಲಿ ಅಳೆಯಿರಿ. ಹೊರಹೋಗುವ ಬದಿಯಲ್ಲಿ ಅಳೆದರೆ ಏರಿಳಿತದ ತಲೆಯನ್ನು ಲಿಂಕ್ ಆಗಲೇ ಕತ್ತರಿಸಿರುತ್ತದೆ, ನಿಮಗೆ ಸಿಗುವುದು ಪಳಗಿಸಿದ ಟ್ರಾಫಿಕ್‌ನ ಅಂಕಿಗಳು. ಒಂದು ಸೆಕೆಂಡು, 100 ಮಿಲಿಸೆಕೆಂಡು ಮತ್ತು 10 ಮಿಲಿಸೆಕೆಂಡುಗಳ ಕಿಟಕಿಗಳಲ್ಲಿ (ಸರಾಸರಿ ತೆಗೆಯುವ ಅವಧಿಗಳಲ್ಲಿ) ವೇಗದ ಮಾನಕ ವಿಚಲನೆಯನ್ನು ತೆಗೆದುಕೊಳ್ಳಿ.

ಆಮೇಲೆ ಬಳಸಬಹುದಾದ ಒಂದು ಸರಳ ಸೂತ್ರವಿದೆ. ಒಟ್ಟು ಟ್ರಾಫಿಕ್ ಗೌಸಿಯನ್ (ಗಂಟೆಯಾಕಾರದ ಹಂಚಿಕೆ) ಎಂದು ಊಹಿಸಿ, ಆಯ್ದ ಕಿಟಕಿಯಲ್ಲಿ ಬೇಡಿಕೆ ಸಾಮರ್ಥ್ಯವನ್ನು ಮೀರುವ ಸಂಭವನೀಯತೆಗೆ ಮಿತಿ ಹಾಕಿದರೆ, ಬೇಕಾದ ಸಾಮರ್ಥ್ಯವು ಸರಾಸರಿ ವೇಗಕ್ಕೆ ಮಾನಕ ವಿಚಲನೆಯ ಒಂದು ಗುಣಕವನ್ನು ಕೂಡಿಸಿದಷ್ಟಾಗುತ್ತದೆ. ಆ ಗುಣಕ, ಒಪ್ಪಬಹುದಾದ ಸಂಭವನೀಯತೆಯ ಸ್ವಾಭಾವಿಕ ಲಾಗರಿದಮ್‌ನ ಎರಡರಷ್ಟರ ಧನಬೆಲೆಗೆ ವರ್ಗಮೂಲ. ನೂರರಲ್ಲಿ ಒಂದು ಕಿಟಕಿ ಮೀರಿದರೆ ಚಿಂತೆಯಿಲ್ಲ ಎಂದಾದರೆ ಗುಣಕ 3.03, ಸಾವಿರದಲ್ಲಿ ಒಂದು ಎಂದರೆ 3.72. ಮಿತಿಯನ್ನು ಹತ್ತು ಪಟ್ಟು ಬಿಗಿಗೊಳಿಸಿದರೂ ಗುಣಕ ಹೆಚ್ಚು ಏರುವುದಿಲ್ಲ, ಆದರೆ ಕಿಟಕಿಯನ್ನು ಚಿಕ್ಕದಾಗಿಸಿದರೆ ಮಾನಕ ವಿಚಲನೆ ಗಣನೀಯವಾಗಿ ಏರುತ್ತದೆ. ಆದ್ದರಿಂದ ಚರ್ಚೆಯಾಗಬೇಕಾದದ್ದು ಕಿಟಕಿಯ ಗಾತ್ರದ ಬಗ್ಗೆ.

ಒಂದು ಎಚ್ಚರಿಕೆ: 400 ಚಂದಾದಾರರ ಗುಂಪು ಗೌಸಿಯನ್ ಊಹೆಗೆ ಅಂಚಿನಲ್ಲಿದೆ. ಅತಿ ದೊಡ್ಡ ಪ್ಲ್ಯಾನ್ 300 ಮೆಗಾಬಿಟ್ ಆಗಿದ್ದರೆ ಒಬ್ಬನೇ ಚಂದಾದಾರ ಲಿಂಕ್‌ನ 30% ಬಳಸಬಲ್ಲ. ಅದಕ್ಕಾಗಿಯೇ ಚಿಕ್ಕ ಗುಂಪುಗಳಿಗೆ 'ಒತ್ತಡದ ಹೊತ್ತಿನ ಸರಾಸರಿ ಮತ್ತು ಅತಿ ದೊಡ್ಡ ಪ್ಲ್ಯಾನ್‌ನ ವೇಗ, ಇವೆರಡರ ಮೊತ್ತಕ್ಕಿಂತ ಸಾಮರ್ಥ್ಯ ಕಡಿಮೆಯಾಗಬಾರದು' ಎಂಬ ಒರಟು ನಿಯಮವನ್ನೂ ನಾವು ಜೊತೆಗೆ ಇಟ್ಟುಕೊಳ್ಳುತ್ತೇವೆ.

ಹೊಸ_ಓದುಗ:
ದಾಖಲಿಸಿದ ಟ್ರಾಫಿಕ್ ಕಡತವನ್ನೇ ಸಿಮ್ಯುಲೇಟರ್‌ಗೆ ಕೊಟ್ಟು, ಲಿಂಕ್‌ನ ವೇಗವನ್ನು 2 ಗಿಗಾಬಿಟ್‌ಗೆ ಏರಿಸಿ ನಷ್ಟವನ್ನು ನೋಡಿದರೆ ಇಷ್ಟೆಲ್ಲ ಗಣಿತ ಬೇಕಾಗುವುದಿಲ್ಲವಲ್ಲವೇ?

ಸರದಿ_ಸಂಗಾತಿ:
ಆ ವಿಧಾನದಲ್ಲಿ ಒಂದು ಆಳವಾದ ತೊಡಕಿದೆ. ಟಿಸಿಪಿ ಮೂಲಗಳು ಜಾಲದ ಸ್ಥಿತಿಗೆ ಪ್ರತಿಕ್ರಿಯಿಸುತ್ತವೆ. ದಾಖಲಾದ ಟ್ರಾಫಿಕ್ ಎಂದರೆ ಆ ದಿನದ ಲಿಂಕ್, ಆ ದಿನದ ನಷ್ಟ ಮತ್ತು ಆ ದಿನದ ವಿಳಂಬ ಸೇರಿ ಹುಟ್ಟಿಸಿದ ಟ್ರಾಫಿಕ್. ಲಿಂಕ್ ಬದಲಾದರೆ ಮೂಲಗಳೂ ಬೇರೆ ರೀತಿ ನಡೆದುಕೊಳ್ಳುತ್ತವೆ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದ ಪ್ರಕಾರ ಒಂದು ಸಂಪರ್ಕದ ವೇಗವು ಪ್ಯಾಕೆಟ್‌ನ ಗಾತ್ರಕ್ಕೆ ನೇರ ಅನುಪಾತದಲ್ಲಿಯೂ, ಹೋಗಿಬರುವ ವಿಳಂಬಕ್ಕೆ ಮತ್ತು ನಷ್ಟದ ಪ್ರಮಾಣದ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. 1,460 ಬೈಟ್‌ನ ಪ್ಯಾಕೆಟ್, 50 ಮಿಲಿಸೆಕೆಂಡಿನ ವಿಳಂಬ, ಹತ್ತು ಸಾವಿರದಲ್ಲಿ ಒಂದು ನಷ್ಟ ಎಂದರೆ ಸುಮಾರು 28.5 ಮೆಗಾಬಿಟ್, ನಷ್ಟ 1%ಗೆ ಏರಿದರೆ ಅದೇ ಸಂಪರ್ಕಕ್ಕೆ ಸಿಗುವುದು 2.85 ಮೆಗಾಬಿಟ್. ಈ ಸೂತ್ರ ಹುಟ್ಟಿದ್ದು ಆ ಕಾಲದ ಟಿಸಿಪಿಗಾಗಿ. ಹೊಸ ದಟ್ಟಣೆ ನಿಯಂತ್ರಣ ವಿಧಾನಗಳು ಇದನ್ನು ಯಥಾವತ್ ಪಾಲಿಸುವುದಿಲ್ಲ. ಆದರೆ ಮೂಲವು ಪ್ರತಿಕ್ರಿಯಿಸುತ್ತದೆ ಎಂಬ ಮಾತು ಎಲ್ಲದಕ್ಕೂ ಸಲ್ಲುತ್ತದೆ.

ಹಾಗಾಗಿಯೇ ಪ್ಯಾಕೆಟ್‌ಗಳನ್ನು ಬಿಟ್ಟು ಹರಿವುಗಳ ಮಟ್ಟದಲ್ಲಿ ಮಾದರಿ ಕಟ್ಟುವ ಪರಂಪರೆ ಬೆಳೆಯಿತು. ಲಿಂಕ್‌ನ ಸಾಮರ್ಥ್ಯವನ್ನು ಆ ಕ್ಷಣದಲ್ಲಿ ಚಾಲ್ತಿಯಲ್ಲಿರುವ ಎಲ್ಲ ಹರಿವುಗಳೂ ಸಮನಾಗಿ ಹಂಚಿಕೊಳ್ಳುತ್ತವೆ ಎಂದು ಊಹಿಸಿದರೆ, ಹರಿವೊಂದಕ್ಕೆ ಸಿಗುವ ಸರಾಸರಿ ವೇಗ ಲಿಂಕ್‌ನಲ್ಲಿ ಉಳಿದಿರುವ ಸಾಮರ್ಥ್ಯದಷ್ಟೇ ಆಗುತ್ತದೆ: 60% ಹೊರೆಯಲ್ಲಿ 400 ಮೆಗಾಬಿಟ್. ಇದರಲ್ಲಿ ನನಗೆ ಅತ್ಯಂತ ಸೊಗಸೆನಿಸುವುದೇನೆಂದರೆ, ಎರ್ಲಾಂಗರ ಸೂತ್ರದಂತೆ ಇದೂ ಗಾತ್ರದ ಹಂಚಿಕೆಯ ಆಕಾರವನ್ನು ಕೇಳುವುದಿಲ್ಲ. ಅಳತೆಗಾರ ಅವರು ಹೇಳಿದ ಉದ್ದ ಬಾಲ ಪ್ಯಾಕೆಟ್ ಸರದಿಯನ್ನು ಕಂಗೆಡಿಸುತ್ತದೆ, ಆದರೆ ಹರಿವಿನ ಮಟ್ಟದ ಸರಾಸರಿ ವೇಗವನ್ನು ಮುಟ್ಟುವುದಿಲ್ಲ.

ಅಳತೆಗಾರ:
ಆ ಫಲಿತಾಂಶಕ್ಕೆ ಹರಿವುಗಳು ಪಾಯ್ಸಾನ್ ಕ್ರಮದಲ್ಲಿ ಬರಬೇಕಲ್ಲವೇ? ಒಂದು ವೆಬ್ ಪುಟ ತೆರೆದರೆ ಹತ್ತಾರು ಸಂಪರ್ಕಗಳು ಒಟ್ಟಿಗೆ ಹುಟ್ಟುತ್ತವೆ, ಅವು ಸ್ವತಂತ್ರವಲ್ಲ.

ಸರದಿ_ಸಂಗಾತಿ:
ಹರಿವುಗಳು ಪಾಯ್ಸಾನ್ ಆಗಿರಬೇಕಿಲ್ಲ. ಬಳಕೆದಾರರ ಅಧಿವೇಶನಗಳು (ಒಮ್ಮೆ ಕುಳಿತು ಬಳಸುವ ಅವಧಿಗಳು) ಪಾಯ್ಸಾನ್ ಆಗಿದ್ದರೆ ಸಾಕು. ಅಧಿವೇಶನದೊಳಗೆ ಹರಿವುಗಳು ಮತ್ತು ಅವುಗಳ ನಡುವಿನ ಬಿಡುವುಗಳು ಹೇಗೇ ಇರಲಿ, ಒಂದಾದ ಮೇಲೆ ಒಂದು ಬರುವವರೆಗೆ ಫಲಿತಾಂಶ ನಿಲ್ಲುತ್ತದೆ. ಪ್ಯಾಕ್ಸನ್ ಮತ್ತು ಫ್ಲಾಯ್ಡ್ 1990ರ ದಶಕದ ಮಧ್ಯದಲ್ಲಿ ಪ್ಯಾಕೆಟ್ ಮಟ್ಟದಲ್ಲಿ ಪಾಯ್ಸಾನ್ ಸೋಲುತ್ತದೆಂದು ತೋರಿಸಿದ ಅಧ್ಯಯನದಲ್ಲಿಯೇ, ಮನುಷ್ಯರು ಆರಂಭಿಸುವ ಅಧಿವೇಶನಗಳಿಗೆ ಗಂಟೆಗಂಟೆಗೆ ಬದಲಾಗುವ ದರದ ಪಾಯ್ಸಾನ್ ಮಾದರಿ ಚೆನ್ನಾಗಿ ಹೊಂದುತ್ತದೆಂದೂ ಹೇಳಿದ್ದಾರೆ. ಪುಟವೊಂದರ ಹತ್ತಾರು ಸಂಪರ್ಕಗಳನ್ನು ಒಂದೇ ಹರಿವೆಂದು ಎಣಿಸುವುದು ನನ್ನ ರೂಢಿ.

ಹೊಸ_ಓದುಗ:
ಹಾಗಿದ್ದರೆ ಬಫರ್ ಒಂದನ್ನೇ ಹಿಗ್ಗಿಸಿದರೆ ಆಗದೇ?

ಕೊಂಡಿ_ಕಾವಲು:
ಮಿತಿಯಲ್ಲಿದ್ದರೆ ಆಗಬಹುದು. ಹಳೆಯ ನಿಯಮದಂತೆ ಬಫರ್ ಎಂದರೆ ಲಿಂಕ್‌ನ ವೇಗ ಮತ್ತು ಹೋಗಿಬರುವ ವಿಳಂಬದ ಗುಣಲಬ್ಧ. 1 ಗಿಗಾಬಿಟ್ ಮತ್ತು 50 ಮಿಲಿಸೆಕೆಂಡಿಗೆ ಅದು 50 ಮೆಗಾಬಿಟ್. 2004ರಲ್ಲಿ ಆಪೆನ್‌ಜೆಲ್ಲರ್, ಕೆಸ್ಲಾಸಿ ಮತ್ತು ಮೆಕ್ಯೂನ್ ಇದನ್ನು ದೀರ್ಘ ಹರಿವುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬಹುದೆಂದು ತೋರಿಸಿದರು. 400 ಹರಿವುಗಳಿದ್ದರೆ 2.5 ಮೆಗಾಬಿಟ್, ಅಂದರೆ ಈಗಿರುವ ಬಫರ್‌ನಷ್ಟೇ. ಆದರೆ ಚಂದಾದಾರರ ಸಂಖ್ಯೆಯನ್ನು ಹರಿವುಗಳ ಸಂಖ್ಯೆಯೆಂದು ತಿಳಿಯಬಾರದು. ಒಂದು ಕ್ಷಣದಲ್ಲಿ ನಿಜವಾಗಿ ಸಾಗುತ್ತಿರುವ ದೀರ್ಘ ಹರಿವುಗಳು 25 ಇದ್ದರೆ 10 ಮೆಗಾಬಿಟ್, ಎಂದರೆ ಸುಮಾರು 830 ಪ್ಯಾಕೆಟ್‌ಗಳ ಜಾಗ ಬೇಕು. ಈ ನಿಯಮ ಸದಾ ತುಂಬಿರುವ ಲಿಂಕ್‌ಗಾಗಿ ಮಾಡಿದ್ದಾದ್ದರಿಂದ 60% ಹೊರೆಯ ಲಿಂಕ್‌ಗೆ ಇದು ದಿಕ್ಕು ತೋರಿಸುವಷ್ಟೇ. ಬಫರ್ ಅನ್ನು ಮನಬಂದಂತೆ ಬೆಳೆಸಿದರೆ ನಷ್ಟ ನಿಂತು ವಿಳಂಬ ನೂರಾರು ಮಿಲಿಸೆಕೆಂಡುಗಳಿಗೆ ಏರುತ್ತದೆ. 2012ರಲ್ಲಿ ನಿಕೋಲ್ಸ್ ಮತ್ತು ಜೇಕಬ್ಸನ್ ರೂಪಿಸಿದ ಕೋಡೆಲ್ ವಿಧಾನ, ಸರದಿಯ ವಿಳಂಬ 5 ಮಿಲಿಸೆಕೆಂಡಿಗಿಂತ ಮೇಲೆಯೇ ನಿಂತುಬಿಡದಂತೆ ಕಾಯುವುದು ಇದೇ ಕಾರಣಕ್ಕೆ.

ಲಿಂಕ್_ಲೆಕ್ಕಿಗ:
ನೀವು ಸೂಚಿಸಿದಂತೆ ಒಳಬರುವ ಪೋರ್ಟ್‌ನಲ್ಲಿ, ಸರಾಸರಿ 600 ಮೆಗಾಬಿಟ್‌ನಲ್ಲಿ ಸ್ಥಿರವಾಗಿದ್ದ ಅವಧಿಯೊಂದನ್ನು ಆಯ್ದು ಅಳೆದಿದ್ದೇನೆ. ಮಾನಕ ವಿಚಲನೆ ಒಂದು ಸೆಕೆಂಡಿನ ಕಿಟಕಿಯಲ್ಲಿ 50 ಮೆಗಾಬಿಟ್, 100 ಮಿಲಿಸೆಕೆಂಡಿನಲ್ಲಿ 79, 10 ಮಿಲಿಸೆಕೆಂಡಿನಲ್ಲಿ 190. ನೂರರಲ್ಲಿ ಒಂದು ಎಂಬ ಮಿತಿಗೆ ಬೇಕಾದ ಸಾಮರ್ಥ್ಯ ಕ್ರಮವಾಗಿ ಸುಮಾರು 752, 840 ಮತ್ತು 1,177 ಮೆಗಾಬಿಟ್. 100 ಮಿಲಿಸೆಕೆಂಡಿನಲ್ಲಿ ನೋಡಿದರೆ ಲಿಂಕ್ ಸಾಕು, 10 ಮಿಲಿಸೆಕೆಂಡಿನಲ್ಲಿ ನೋಡಿದರೆ ಸಾಲದು.

ಅಳತೆಗಾರ:
ಈ ಮೂರು ಅಂಕಿಗಳಲ್ಲಿ ಎರಡು ಬೇರೆ ಬೇರೆ ಇಳಿಜಾರುಗಳಿವೆ. 79ರಿಂದ 50ಕ್ಕೆ ಇಳಿದದ್ದು ಹರ್ಸ್ಟ್ 0.8ಕ್ಕೆ ಸರಿಯಾಗಿ ಹೊಂದುತ್ತದೆ. ಅದೇ ಇಳಿಜಾರು ಕೆಳಗೂ ಮುಂದುವರಿದಿದ್ದರೆ 10 ಮಿಲಿಸೆಕೆಂಡಿನಲ್ಲಿ 125ರ ಆಸುಪಾಸು ಇರಬೇಕಿತ್ತು, ನಿಮಗೆ ಸಿಕ್ಕಿರುವುದು 190. ಆ ಮಟ್ಟದಲ್ಲಿ ಇಳಿಜಾರು ಹೇಳುವ ಸಂಖ್ಯೆ ಸುಮಾರು 0.62. ಕಡತಗಳ ಉದ್ದ ಬಾಲ ದೊಡ್ಡ ಕಾಲಮಾನವನ್ನೂ, ಟಿಸಿಪಿ ವಿಂಡೋಗಳ ಉಕ್ಕು ಸಣ್ಣ ಕಾಲಮಾನವನ್ನೂ ಆಳುತ್ತಿರುವಂತಿದೆ. ಈ ನಷ್ಟದ ಮಟ್ಟಿಗೆ ಸಂಶಯವಾದಿ ಅವರ ವಾದವೇ ಬಲವಾದದ್ದು. ಮುಂದಿನ ವರ್ಷದ ಸಾಮರ್ಥ್ಯದ ಯೋಜನೆಗೆ ಮಾತ್ರ 0.8 ಅನ್ನು ಬಿಡಬೇಡಿ.

ಸಂಶಯವಾದಿ:
10 ಮಿಲಿಸೆಕೆಂಡಿನ ಅಳತೆಗಳು ಗೌಸಿಯನ್ ಆಗಿವೆಯೇ ಎಂಬುದನ್ನು ಮೊದಲು ಪರೀಕ್ಷಿಸಿ. ಬಲಬಾಲ ದಪ್ಪವಾಗಿದ್ದರೆ 1,177 ಎಂಬುದೂ ಕಡಿಮೆ ಅಂದಾಜೇ.

ಲಿಂಕ್_ಲೆಕ್ಕಿಗ:
ಬಲಬಾಲ ತುಸು ದಪ್ಪವಾಗಿಯೇ ಇದೆ. ಆದ್ದರಿಂದ ಲಿಂಕ್‌ನ ವೇಗವನ್ನು ಏರಿಸುವ ಮೊದಲು ಬಫರ್ ಅನ್ನು 800 ಪ್ಯಾಕೆಟ್‌ಗಳಿಗೆ ಹೆಚ್ಚಿಸಿ, ಮೇಲಿನ ರೌಟರ್‌ಗಿಂತ ಹಿಂದಿನ ಹಂತದಲ್ಲಿಯೇ ಈ ಗುಂಪಿನ ಟ್ರಾಫಿಕ್‌ಗೆ ಶೇಪರ್ (ಉಕ್ಕುಗಳನ್ನು ತಡೆದು ಸಮವಾಗಿ ಬಿಡುವ ವ್ಯವಸ್ಥೆ) ಹಾಕಿ, 10 ಮಿಲಿಸೆಕೆಂಡಿನ ವಿಚಲನೆ ಎಷ್ಟು ಇಳಿಯುತ್ತದೆಂದು ನೋಡುತ್ತೇನೆ. ಒಂದು ಸೆಕೆಂಡಿನ 50 ಬದಲಾಗದೆ, 190 ಮಾತ್ರ ಇಳಿದು ನಷ್ಟವೂ ನಿಂತರೆ, ದೋಷ ಸಣ್ಣ ಕಾಲಮಾನದ ಉಕ್ಕಿನದ್ದೆಂದು ಖಚಿತವಾಗುತ್ತದೆ.

ಕೊಂಡಿ_ಕಾವಲು:
ಬದಲಾವಣೆಗಳೆರಡನ್ನೂ ಒಟ್ಟಿಗೆ ಮಾಡಬೇಡಿ. ಮೊದಲು ಶೇಪರ್, ಒಂದು ವಾರ ಬಿಟ್ಟು ಬಫರ್. ಹೋಲಿಕೆಗೆ ವಾರದ ಅದೇ ದಿನದ ಅದೇ ಗಂಟೆಯನ್ನು ತೆಗೆದುಕೊಳ್ಳಿ. ಶೇಪರ್‌ನ ಮಿತಿಯನ್ನು 950 ಮೆಗಾಬಿಟ್‌ನ ಸುತ್ತ ಇಟ್ಟರೆ ಸರದಿ ಅಲ್ಲಿಗೆ ಸ್ಥಳಾಂತರವಾಗುತ್ತದೆ, ಆದ್ದರಿಂದ ಅಲ್ಲಿನ ವಿಳಂಬವನ್ನೂ ದಾಖಲಿಸಿಕೊಳ್ಳಿ.